ನೂರು ಕಿಟಕಿಯ ಕ್ರಯಪತ್ರ

ನಮ್ಮ ಊರಿನಲ್ಲಿ ಕ್ರಯಪತ್ರದ ಮೇಲೆ ಸಬ್ ರಿಜಿಸ್ಟ್ರಾರರ ಮೊಹರು ಬಿದ್ದ ಮರುಕ್ಷಣವೇ ಮನೆ ಪತ್ರದಲ್ಲಿ ಬರೆದಂತೆ ಆಗಿಬಿಡುತ್ತದೆ. ಬೇರೆ ಊರುಗಳಲ್ಲಿ ಪತ್ರ ತಪ್ಪಾದರೂ ಮನೆ ಮಾತ್ರ ಇದ್ದ ಹಾಗೆಯೇ ಇರುತ್ತದಂತೆ. ಅಲ್ಲಿನ ಪತ್ರಬರಹಗಾರರು ಎಷ್ಟು ನೆಮ್ಮದಿಯಾಗಿ ಊಟ ಮಾಡುತ್ತಿರಬಹುದು ಎಂದು ಯೋಚಿಸಿ ನಾನು ಎಷ್ಟೋ ಸಲ ಹೊಟ್ಟೆ ಉರಿಸಿಕೊಂಡಿದ್ದೇನೆ. ನಮ್ಮಲ್ಲಿ ಪೂರ್ವಕ್ಕೆ ಕೇರಿ ಎಂದು ಬರೆಯುವ ಕಡೆ ಪೂರ್ವಕ್ಕೆ ಕೆರೆ ಎಂದು ಬರೆದರೆ ಸಂಜೆಯೊಳಗೆ ಬಾಗಿಲ ಮುಂದೆ ಕಪ್ಪೆಗಳು ಕೂಗುತ್ತವೆ. ಸರ್ಕಾರಕ್ಕೆ ಕಟ್ಟುವ ಶುಲ್ಕ ಉಳಿಸಲು ಅರ್ಧ ಬೆಲೆ ಬರೆಸಿದ ಒಬ್ಬರ ಮನೆ ಇನ್ನೂ ಇದೆ. ಅದರ ಗೋಡೆಗಳು ರೊಟ್ಟಿಯಷ್ಟು ತೆಳ್ಳಗಾಗಿ, ಹಾಲಿನವನು ಬಾಗಿಲು ತಟ್ಟಿದರೆ ಅಡುಗೆಮನೆಯ ಡಬ್ಬಿಗಳು ಉರುಳುತ್ತವೆ. ಆಮೇಲೆ ಯಾರೂ ಕಡಿಮೆ ಬರೆಸಲಿಲ್ಲ. ಬೇಕೆಂದೇ ಇದ್ದದ್ದಕ್ಕಿಂತ ಹೆಚ್ಚು ಬರೆಸಿದರೆ ಜೈಲು. ಹಾಗಾಗಿ ನಮ್ಮ ಊರಿನವರು ಮನೆ ಕೊಳ್ಳುವಾಗ ಎಲ್ಲಕ್ಕಿಂತ ಮೊದಲು ಒಬ್ಬ ಒಳ್ಳೆಯ ಬರಹಗಾರನನ್ನು ಹುಡುಕುತ್ತಾರೆ.

ಆ ಒಳ್ಳೆಯ ಬರಹಗಾರ ನಾನು. ಹೆಸರು ಗೋವರ್ಧನ. ನೋಂದಣಿ ಕಚೇರಿಯ ಎದುರು ಹೊಂಗೆ ಮರದ ಕೆಳಗೆ ನನ್ನ ಮೇಜು. ಮೂವತ್ತೊಂದು ವರ್ಷ ಕೈಯಲ್ಲೇ ಬರೆದೆ. ನಾನು ಬರೆದ ಒಂದು ಪತ್ರಕ್ಕೂ ತಿದ್ದುಪಡಿ ಬಂದಿರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು ಎಂದು ಒಂದು ತಗಡಿನ ಬೋರ್ಡು ಬರೆಸಿ ಮರಕ್ಕೆ ನೇತುಹಾಕಿದ್ದೆ. ಹೋದ ವರ್ಷ ಕಚೇರಿಯವರು ಇನ್ನು ಮುಂದೆ ಕಂಪ್ಯೂಟರಿನಲ್ಲಿ ಹೊಡೆದ ಪತ್ರವನ್ನು ಮಾತ್ರ ತೆಗೆದುಕೊಳ್ಳುತ್ತೇವೆ ಎಂದರು. ಐವತ್ತೆಂಟನೇ ವಯಸ್ಸಿನಲ್ಲಿ ನಾನು ಎರಡು ತೋರುಬೆರಳುಗಳಿಂದ ಟೈಪು ಹೊಡೆಯಲು ಕಲಿತೆ. ಕೀಬೋರ್ಡಿನಲ್ಲಿ ನ ಅಕ್ಷರದ ಕೀಲಿಯೂ ಮ ಅಕ್ಷರದ ಕೀಲಿಯೂ ಅಕ್ಕಪಕ್ಕದಲ್ಲಿರುತ್ತವೆ. ಅವನ್ನು ಹಾಗೆ ಜೋಡಿಸಿದವರು ಯಾರೋ, ಅವರಿಗೆ ನಮ್ಮ ಊರಿನಲ್ಲಿ ಮನೆ ಇರಲಿಲ್ಲ ಎಂಬುದಂತೂ ಖಂಡಿತ.

ಮುನಿರತ್ನಮ್ಮ ನನ್ನ ಮೇಜಿಗೆ ಬಂದದ್ದು ಆ ದಿನಗಳಲ್ಲಿ. ಆಕೆಯೂ ಗಂಡ ಯಲ್ಲಪ್ಪನೂ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದರು. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಹದಿನಾಲ್ಕು ಬಾಡಿಗೆ ಮನೆ ನೋಡಿದವರು. ಹದಿನೈದನೆಯದು ಸ್ವಂತದ್ದು ಆಗಬೇಕು ಎಂದು ಹಟ ತೊಟ್ಟು ಬಳೆಗಾರರ ಬೀದಿಯಲ್ಲಿ ಒಂದು ಚಿಕ್ಕ ಮನೆ ಗೊತ್ತುಮಾಡಿದ್ದರು. ಒಂದು ಹಜಾರ, ಒಂದು ಕೋಣೆ, ಅಡುಗೆಮನೆ, ಬಚ್ಚಲು, ಮೂರು ಕಿಟಕಿ. ಅಷ್ಟು ಎಚ್ಚರಿಕೆಯಿಂದ ಮನೆ ಕೊಂಡವರನ್ನು ನಾನು ನೋಡಿಲ್ಲ. ಆಕೆ ಮನೆಯನ್ನು ಬೆಳಿಗ್ಗೆ ಒಮ್ಮೆ ನೋಡಿದ್ದಳು, ಮಧ್ಯಾಹ್ನ ಒಮ್ಮೆ ನೋಡಿದ್ದಳು, ಜೋರು ಮಳೆ ಬಂದ ದಿನ ಕೊಡೆ ಹಿಡಿದು ಹೋಗಿ ಸೂರು ಸೋರುತ್ತದೆಯೇ ಎಂದು ನೋಡಿದ್ದಳು. ಮನೆಯ ಮೇಲೆ ಬ್ಯಾಂಕಿನ ಸಾಲವಿಲ್ಲ ಎಂಬುದಕ್ಕೆ ಕಾಗದ ಕೇಳಿದಳು. ಖಾತೆ ಯಾರ ಹೆಸರಿನಲ್ಲಿದೆ, ಕಂದಾಯ ಕಟ್ಟಿದ್ದಾರೆಯೇ, ಅಣ್ಣತಮ್ಮಂದಿರ ಪಾಲಿನ ತಕರಾರು ಇದೆಯೇ ಎಂದು ಒಂದೊಂದಾಗಿ ಕೇಳಿ ಬೆರಳು ಮಡಚಿದಳು. ನಾನೇ ಒಂದೆರಡು ಪ್ರಶ್ನೆಗಳನ್ನು ಆಕೆಯಿಂದ ಕಲಿತೆ.

ಮಾರುವವರು ಚನ್ನವೀರಯ್ಯ. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ಹೊಸ ಬಡಾವಣೆಯಲ್ಲಿ ದೊಡ್ಡ ಮನೆ ಕಟ್ಟಿಸಿಕೊಂಡು ಹೋಗಿದ್ದರು. ಯಾವ ಕಾಗದ ಕೊಟ್ಟರೂ ಅದನ್ನು ಎತ್ತಿ ಬೆಳಕಿಗೆ ಹಿಡಿದು, ತಿರುಗಿಸಿ, ನಂಬರು ನೋಡಿ, ತೂತು ಬಿದ್ದಿದೆಯೇ ಎಂದು ಉಗುರಿನಿಂದ ಸವರಿ ಆಮೇಲೆ ಕೆಳಗಿಡುವುದು ಅವರ ಅಭ್ಯಾಸ. ನೋಂದಣಿಯ ದಿನ ನಮ್ಮ ಕ್ರಯಪತ್ರಕ್ಕೂ ಅದೇ ಉಪಚಾರ ನಡೆಯಿತು. ಓದುವುದೊಂದನ್ನು ಬಿಟ್ಟು ಎಲ್ಲವನ್ನೂ ಮಾಡಿದರು.

ಓದಿ ಹೇಳುವುದು ನನ್ನ ಕೆಲಸ. ಪ್ರತಿ ಪತ್ರದ ಕೊನೆಗೆ ‘ಓದಿಸಿ ಕೇಳಿ, ಸರಿಯಾಗಿದೆಯೆಂದು ಒಪ್ಪಿ ರುಜು ಮಾಡಿರುತ್ತೇವೆ’ ಎಂಬ ಸಾಲು ಇರುತ್ತದೆ. ಆ ದಿನ ಚನ್ನವೀರಯ್ಯನವರಿಗೆ ಒಂದು ಗಂಟೆ ಹತ್ತು ನಿಮಿಷದ ಬಸ್ಸು ಹಿಡಿಯಬೇಕಿತ್ತು. ಮುನಿರತ್ನಮ್ಮ ಮದುವೆ ಮನೆಯವರ ರೇಷ್ಮೆ ಸೀರೆಗಳನ್ನು ಯಲ್ಲಪ್ಪನ ಕೈಗೆ ಕೊಟ್ಟು ಬಂದಿದ್ದಳು, ಮನಸ್ಸೆಲ್ಲ ಅಲ್ಲೇ ಇತ್ತು. ನನಗೆ ಹಸಿವಾಗಿತ್ತು. ನಾನು ಆ ಕೊನೆಯ ಸಾಲೊಂದನ್ನು ಗಟ್ಟಿಯಾಗಿ ಓದಿದೆ. ಇಬ್ಬರೂ ತಲೆಯಾಡಿಸಿ ಸಹಿ ಹಾಕಿದರು. ಸಬ್ ರಿಜಿಸ್ಟ್ರಾರ್ ಫಿಲೋಮಿನಾ ಮೇಡಂ ಮೊಹರು ಒತ್ತಿದರು.

ಒಂದೂವರೆ ಗಂಟೆಯ ಹೊತ್ತಿಗೆ ಮುನಿರತ್ನಮ್ಮ ಏದುಸಿರು ಬಿಡುತ್ತ ಮರದ ಕೆಳಗೆ ಬಂದು ನಿಂತಳು. ನಾನು ಮೊಸರನ್ನ ಕಲಸುತ್ತಿದ್ದೆ.

“ಸ್ವಾಮೀ, ಕಿಟಕಿ,” ಅಂದಳು.

“ಏನಾಯ್ತಮ್ಮ ಕಿಟಕಿಗೆ? ಗಾಜು ಒಡೀತಾ?”

“ಒಡ್ದಿದ್ರೆ ಒಂದು ಒಡೀತು ಅಂತಿದ್ದೆ. ಬಂದು ಎಣಿಸ್ರಿ. ನಂಗೆ ಅರವತ್ತಕ್ಕೇ ತಲೆ ಸುತ್ತು ಬಂತು.”

ಕೈ ತೊಳೆದು ಪತ್ರದ ನಕಲು ತೆಗೆದು ನೋಡಿದೆ. ‘ಸದರಿ ಮನೆಯು ನೂರು ಕಿಟಕಿಗಳನ್ನು ಒಳಗೊಂಡಿರುತ್ತದೆ.’ ಮೊಸರನ್ನ ಹಾಗೇ ಬಿಟ್ಟು ಆಕೆಯ ಹಿಂದೆ ಹೊರಟೆ.

ಹೋಗಿ ನೋಡಿದರೆ ಬೀದಿಯ ಜನವೆಲ್ಲ ಅಲ್ಲಿ ನೆರೆದಿದ್ದರು. ಮುಂದಿನ ಗೋಡೆಯಲ್ಲಿ ಹದಿನಾರು ಕಿಟಕಿ, ಚೌಕಾಬಾರದ ಮನೆಗಳ ಹಾಗೆ. ಅಡುಗೆಮನೆಯಲ್ಲಿ ಹತ್ತೊಂಬತ್ತು. ಒಲೆಯ ಹಿಂದೆ ಒಂದು ಇದ್ದುದರಿಂದ ಗಾಳಿಗೆ ಬೆಂಕಿ ಹತ್ತುವಂತಿರಲಿಲ್ಲ. ಹಜಾರಕ್ಕೂ ಕೋಣೆಗೂ ನಡುವಿನ ಗೋಡೆಯಲ್ಲಿ ಎಂಟು. ಛಾವಣಿಯಲ್ಲಿ ಆರು. ದೀಪವಿಡುವ ಗೂಡಿನೊಳಗೆ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು, ಅದಕ್ಕೂ ಕೂದಲೆಳೆಯಂಥ ಸರಳುಗಳು. ಜಾಗ ಸಾಲದೆ ಒಂದು ಕಿಟಕಿ ಮುಂಬಾಗಿಲಿನ ಹಲಗೆಯಲ್ಲೇ ಮೂಡಿತ್ತು. ಪತ್ರದಲ್ಲಿ ಕಿಟಕಿ ಎಂದು ಬರೆದಿತ್ತೇ ಹೊರತು ಕಿಟಕಿಗೆ ಬಾಗಿಲು ಎಂದು ಬರೆದಿರಲಿಲ್ಲ. ಆದ್ದರಿಂದ ಹಳೆಯ ಮೂರು ಕಿಟಕಿಗಳನ್ನು ಬಿಟ್ಟರೆ ಉಳಿದವಕ್ಕೆ ಸರಳು ಮಾತ್ರ.

ನಾನು ಆಗಲೇ ತಪ್ಪು ಒಪ್ಪಿಕೊಳ್ಳಬೇಕಿತ್ತು. ತಿದ್ದುಪಡಿ ಪತ್ರ ಮಾಡಿಸಬಹುದಿತ್ತು. ಆದರೆ ತಿದ್ದುಪಡಿ ಪತ್ರದಲ್ಲಿ ತಪ್ಪು ಯಾರಿಂದ ಆಯಿತು ಎಂದು ಹೆಸರು ಸಹಿತ ಬರೆಯಬೇಕು, ಅದನ್ನು ಕಚೇರಿಯ ಗೋಡೆಗೆ ಅಂಟಿಸುತ್ತಾರೆ. ನನಗೆ ಮರದ ಮೇಲಿನ ಬೋರ್ಡು ನೆನಪಾಯಿತು.

“ಹೊಸ ಮೊಹರಿನ ಮಸಿ ಅಮ್ಮ. ಹಸಿ ಇರುವಾಗ ಹೀಗೆಲ್ಲ ಆಗ್ತದೆ. ಎರಡು ದಿನದಲ್ಲಿ ಊತ ಇಳಿದ ಹಾಗೆ ಮನೆ ತಾನೇ ಇಳಿಯುತ್ತೆ,” ಅಂದೆ. ಮೂವತ್ತೊಂದು ವರ್ಷದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು ಎಂದು ಹೇಳಲಾರೆ, ಆದರೆ ಅಷ್ಟು ದಡ್ಡ ಸುಳ್ಳು ಅದೊಂದೇ.

ಎರಡು ದಿನ ಹತ್ತು ದಿನವಾಯಿತು. ಮನೆ ಇಳಿಯಲಿಲ್ಲ. ಮುನಿರತ್ನಮ್ಮ ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ಕಿಟಕಿಗೆ ಕಟ್ಟಿದಳು. ಸಾಲದ್ದಕ್ಕೆ ಇಸ್ತ್ರಿಗೆ ಬಂದಿದ್ದ ಬಟ್ಟೆಗಳನ್ನೂ ಕಟ್ಟಿದಳು. ಪೋಸ್ಟ್ ಮಾಸ್ಟರು ಬೀದಿಯಲ್ಲಿ ಹೋಗುತ್ತ ತಮ್ಮ ಪಂಚೆ ಗಾಳಿಗೆ ಹಾರಾಡುವುದನ್ನು ಕಂಡು ಒಳಗೆ ಬಂದು ಜಗಳ ಮಾಡಿ ಬಿಚ್ಚಿಕೊಂಡು ಹೋದರು. ಎದುರು ಮನೆಯವರು ಹದಿನಾರು ಕಿಟಕಿಗಳು ತಮ್ಮ ಊಟದ ತಟ್ಟೆಯನ್ನೇ ದುರುಗುಟ್ಟಿ ನೋಡುತ್ತವೆ ಎಂದು ದೂರು ಹೇಳಿದರು.

ಹನ್ನೊಂದನೆಯ ದಿನ ಆಕೆ ನನ್ನನ್ನು ಮನೆಗೆ ಕರೆಸಿದಳು. ನಾನು ದಾರಿಯುದ್ದಕ್ಕೂ ಮಾತು ಸಿದ್ಧಮಾಡಿಕೊಂಡು ಹೋದೆ.

“ನೋಡಿ ಮುನಿರತ್ನಮ್ಮ, ಒಂದು ಲೆಕ್ಕದಲ್ಲಿ ಇದು ಅದೃಷ್ಟ. ಇಷ್ಟು ಬೆಳಕು ಯಾರ ಮನೇಲಿದೆ? ಗಾಳಿ ಹೇಗೆ ಬರ್ತಿದೆ ನೋಡಿ. ಕರೆಂಟು ಉಳೀತದೆ. ಆರೋಗ್ಯಕ್ಕೂ ಒಳ್ಳೇದು,” ಅಂದೆ.

ಆಕೆ ಸೊಂಟಕ್ಕೆ ಕೈಯಿಟ್ಟು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಯಲ್ಲಪ್ಪನ ಕಡೆ ತಿರುಗಿ, “ಸ್ವಾಮಿಗೆ ನೀರು ಕಾಯ್ಸು,” ಅಂದಳು.

“ಯಾಕಮ್ಮ?”

“ಬಚ್ಚಲಲ್ಲಿ ಹನ್ನೊಂದು ಕಿಟಕಿ ಅವೆ. ಹನ್ನೊಂದು ದಿನದಿಂದ ನಾನು ನಮ್ಮಕ್ಕನ ಮನೇಗೆ ಹೋಗಿ ಮೈ ತೊಳ್ಕಂಡು ಬತ್ತಾ ಇವ್ನಿ. ಒಳ್ಳೇದು ಅಂತೀರಲ್ಲ, ನೀವೇ ಒಂದು ಸಲ ಸ್ನಾನ ಮಾಡಿ ತೋರ್ಸಿ. ನೀವು ಆಗ್ತದೆ ಅಂದ್ರೆ ನಾನು ಇನ್ನೊಂದು ಮಾತಾಡಲ್ಲ.”

ಹಿಂದೆ ಸರಿಯಲು ದಾರಿಯಿರಲಿಲ್ಲ. ಸೊಂಟಕ್ಕೆ ಟವೆಲು ಬಿಗಿದು ಬಚ್ಚಲಿಗಿಳಿದೆ. ನಾಲ್ಕು ಕಿಟಕಿ ಬೀದಿಗೆ, ಐದು ಪಕ್ಕದ ಓಣಿಗೆ, ಎರಡು ನೆರೆಮನೆಯ ಅಂಗಳಕ್ಕೆ. ಮೊದಲ ಚೊಂಬು ನೀರು ಮೈಮೇಲೆ ಬೀಳುವುದರೊಳಗೆ ಹೂ ಮಾರುವವಳು ತಲೆಯ ಮೇಲಿನ ಬುಟ್ಟಿ ಇಳಿಸಿ ನಿಂತಳು. ಓಣಿಯಲ್ಲಿ ಸೈಕಲ್ಲು ನಿಂತ ಸದ್ದಾಯಿತು. ನಾನು ಸೋಪನ್ನು ಕೈಯಲ್ಲಿ ಹಿಡಿದು ಹನ್ನೊಂದು ದಿಕ್ಕಿಗೂ ಬೆನ್ನು ಮಾಡಿ ನಿಲ್ಲಲು ನೋಡಿದೆ. ಅದು ಮನುಷ್ಯನಿಂದ ಆಗುವ ಕೆಲಸವಲ್ಲ.

“ಬರಹದ ಗೋವರ್ಧನಯ್ಯನೋರಲ್ವಾ?” ಎಂದಳು ಹೂವಿನವಳು. “ಬೆನ್ನಿನ ಮೇಲೆ ನೊರೆ ಹಂಗೇ ಐತೆ ನೋಡಿ.”

ಟವೆಲಿನಲ್ಲಿ ನೀರು ಸುರಿಸಿಕೊಂಡೇ ಹೊರಗೆ ಬಂದೆ. ಮುನಿರತ್ನಮ್ಮ ನಗಲಿಲ್ಲ. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು.

“ತಪ್ಪು ನನ್ನದು,” ಅಂದೆ. “ಮೂರು ಅಂತ ಹೊಡೆಯೋ ಕಡೆ ನೂರು ಹೊಡೆದೆ. ಓದಿ ಹೇಳಬೇಕಾಗಿತ್ತು, ಹೇಳಲಿಲ್ಲ. ಮೊದಲ ದಿನವೇ ಗೊತ್ತಿತ್ತು ನನಗೆ.”

“ನಂಗೂ ಗೊತ್ತಿತ್ತು,” ಅಂದಳು ಆಕೆ. “ನಕಲು ನನ್ ಹತ್ರಾನೂ ಐತಲ್ಲ. ನೀವೇ ಬಾಯ್ಬಿಟ್ಟು ಹೇಳ್ತೀರೇನೋ ಅಂತ ಕಾಯ್ತಿದ್ದೆ. ನಾನೂ ಸಹಿ ಹಾಕೋ ಮುಂಚೆ ಓದಿಲ್ಲ, ಅದು ನನ್ ತಪ್ಪು. ಈಗ ಸರಿ ಮಾಡ್ಸಿ.”

ಫಿಲೋಮಿನಾ ಮೇಡಂ ಕನ್ನಡಕ ಏರಿಸಿಕೊಂಡು ನನ್ನನ್ನು ಬಹಳ ಹೊತ್ತು ನೋಡಿದರು. “ನೀವಾ, ಗೋವರ್ಧನ?” ಅಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ನಿಯಮ ಹೇಳಿದರು. ಮೊಹರಿನ ಮಸಿ ಪೂರ್ತಿ ಒಣಗಲು ಮೂವತ್ತು ದಿನ ಬೇಕು. ಅಷ್ಟರೊಳಗೆ ಮಾರಿದವರೂ ಕೊಂಡವರೂ ಇಬ್ಬರೂ ಬಂದು ತಿದ್ದುಪಡಿಗೆ ಸಹಿ ಹಾಕಬೇಕು. ಮೂವತ್ತೊಂದನೆಯ ದಿನ ಬಂದರೆ ಆ ಮನೆಗೆ ನೂರು ಕಿಟಕಿಯೇ ಶಾಶ್ವತ. ನಾನು ಹೊರಗೆ ಬಂದು ಮರದ ಮೇಲಿನ ಬೋರ್ಡು ಇಳಿಸಿದೆ. ತಗಡಿನ ಹಿಂದೆ ಒಂದು ಅಳಿಲು ಸಂಸಾರ ಮಾಡಿಕೊಂಡಿತ್ತು, ಅದು ಮಾತ್ರ ನನ್ನನ್ನು ಬೈದುಕೊಂಡು ಓಡಿತು.

ಚನ್ನವೀರಯ್ಯನವರ ಹೊಸ ಮನೆಗೆ ಹೋಗಿ ವಿಷಯ ತಿಳಿಸಿದೆ. ಅವರು ನಕಲನ್ನು ಬೆಳಕಿಗೆ ಹಿಡಿದರು.

“ನಾನು ಮಾರಿದ್ದು ಮೂರು ಕಿಟಕಿ. ಹೌದಾ?”

“ಹೌದು ಸಾರ್.”

“ಈಗ ಇರೋದು ನೂರು. ಹಾಗಾದ್ರೆ ತೊಂಬತ್ತೇಳು ಕಿಟಕಿ ಯಾರದ್ದು?”

ನಾನು ನಕಲಿಗಾಗಿ ಕೈ ಚಾಚಿದೆ, ಅವರು ಕೊಡಲಿಲ್ಲ.

“ನನ್ನದು,” ಎಂದರು ಅವರು. “ತೊಂಬತ್ತೇಳೂ ನನ್ನದು ಅಂತ ಬರೆದುಕೊಡಿ, ಆಮೇಲೆ ಸಹಿ ಮಾತು.”

ಮರುದಿನ ಅವರು ಕಚೇರಿಗೂ ಬಂದು ಇದೇ ವಾದ ಹೂಡಿದರು. ಫಿಲೋಮಿನಾ ಮೇಡಂ ಪತ್ರ ತಿರುಗಿಸಿ ಕೊನೆಯ ಪುಟ ತೋರಿಸಿದರು. “ಈ ಸಹಿ ನಿಮ್ಮದಾ?” “ನಂದೇ.” “ನೂರು ಅಂತ ಬರೆದಿರೋ ಕಾಗದದ ಕೆಳಗೆ ನಿಮ್ಮ ಸಹಿ ಇದೆ. ನೂರೂ ಮಾರಿದ್ದೀರಿ. ಓದಲಿಲ್ಲ ಅನ್ನೋದು ಕಾನೂನಿನಲ್ಲಿ ಇಲ್ಲ.” ಚನ್ನವೀರಯ್ಯ ತಮ್ಮ ಸಹಿಯನ್ನು ಉಗುರಿನಿಂದ ಸವರಿ ನೋಡಿ, “ಸರಿ. ತಿದ್ದೋದಕ್ಕೆ ನನ್ನ ಸಹಿ ಬೇಕೋ ಬೇಡವೋ?” ಎಂದರು. ಬೇಕು ಎಂದರು ಮೇಡಂ. “ಹಾಗಾದ್ರೆ ಯೋಚನೆ ಮಾಡ್ತೀನಿ,” ಎಂದು ಎದ್ದು ಹೋದರು.

ಅವರು ಯೋಚನೆ ಮಾಡಿದ್ದು ಬಳೆಗಾರರ ಬೀದಿಯ ಮನೆಯಲ್ಲಿ ಕುಳಿತು. ಮಾರನೆಯ ದಿನದಿಂದ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಒಂದು ಮಡಿಸುವ ಕುರ್ಚಿ ಹಿಡಿದು ಬರತೊಡಗಿದರು. ಕಿಟಕಿಗಳನ್ನು ತಪಾಸಣೆ ಮಾಡಬೇಕು ಎಂಬುದು ನೆಪ. ಕಿವಿಯ ಮೇಲಿನ ಪೆನ್ಸಿಲು ತೆಗೆದು ಒಂದೊಂದು ಕಿಟಕಿಯ ಚೌಕಟ್ಟಿನ ಮೇಲೂ ನಂಬರು ಹಾಕಿದರು. ಆಮೇಲೆ ಒಂದರ ಮುಂದೆ ಕುರ್ಚಿ ಹಾಕಿಕೊಂಡು ಹೊರಗೆ ನೋಡುತ್ತ ಕೂರುವರು, ಗಂಟೆಯಾದ ಮೇಲೆ ಇನ್ನೊಂದಕ್ಕೆ ಹೋಗುವರು. ಸಹಿ ಹಾಕಬೇಕಾದ ಮನುಷ್ಯನನ್ನು ಹೊರಗೆ ಕಳಿಸುವುದು ಹೇಗೆ? ಮುನಿರತ್ನಮ್ಮ ಹಲ್ಲು ಕಚ್ಚಿಕೊಂಡು ಅವರ ಸುತ್ತಲೇ ಕಸ ಗುಡಿಸಿದಳು, ಅವರ ಸುತ್ತಲೇ ಇಸ್ತ್ರಿ ಮಾಡಿದಳು. ಯಲ್ಲಪ್ಪ ಮಾತ್ರ ಅಷ್ಟರಲ್ಲಿ ನೂರು ಪರದೆಗೆ ಎಷ್ಟು ಮೊಳ ಬಟ್ಟೆ ಬೇಕು ಎಂದು ಅಳೆಯುತ್ತಿದ್ದ. ಅವನು ಆಸೆ ಬಿಟ್ಟಿದ್ದ.

ಹದಿನೈದು ದಿನ ಹೀಗೇ ಕಳೆಯಿತು. ನಾನು ದಿನಾ ಬೆಳಿಗ್ಗೆ ತಿದ್ದುಪಡಿಯ ಕರಡು ಹಿಡಿದು ಹೋಗುವುದು, ಚನ್ನವೀರಯ್ಯ ಅದನ್ನು ಬೆಳಕಿಗೆ ಹಿಡಿದು ವಾಪಸು ಕೊಡುವುದು. ಮುನಿರತ್ನಮ್ಮನ ಕಣ್ಣಿನ ಕೆಳಗೆ ಕಪ್ಪು ಬಿತ್ತು. “ಹದಿನಾಲ್ಕು ಮನೆ ಓನರುಗಳು ಸೇರಿ ಕೊಡದೇ ಇರೋ ಕಾಟ ಇದು,” ಎಂದಳು ಒಮ್ಮೆ, ನನಗೆ ಮಾತ್ರ ಕೇಳುವ ಹಾಗೆ.

ಇಪ್ಪತ್ತೆಂಟನೆಯ ದಿನ ಆಕೆಯ ತಾಳ್ಮೆಯ ಕಟ್ಟೆಯೊಡೆಯಿತು. ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಅವರ ಕುರ್ಚಿಯ ಮುಂದೆ ಹೋಗಿ ನಿಂತಳು.

“ಯಜಮಾನ್ರೇ, ಒಂದು ಮಾತು ಕೇಳ್ತೀನಿ. ನಿಮ್ ಹೊಸ ಮನೇಗೆ ಕಿಟಕಿ ಇಲ್ವಾ?”

“ಇದೆ.”

“ಮತ್ತೆ ಅಲ್ಲಿ ಕೂತ್ಕಳ್ಳೋದಲ್ವಾ?”

“ಕಿಟಕಿ ತೆಗೆದ್ರೆ ಪಕ್ಕದ ಮನೆ ಗೋಡೆ. ಕೈ ಚಾಚಿದ್ರೆ ಸಿಗುತ್ತೆ,” ಎಂದರು ಚನ್ನವೀರಯ್ಯ. ಹೊರಗೆ ನೋಡುತ್ತಲೇ ಇದ್ದರು. ಆಮೇಲೆ ಯಾರೂ ಕೇಳದಿದ್ದರೂ ಮುಂದುವರಿಸಿದರು. “ಮೂವತ್ತನಾಲ್ಕು ವರ್ಷ ಬಸ್ಸಲ್ಲಿ ಇದ್ದೆ ಕಣಮ್ಮ. ಕಿಟಕಿ ಪಕ್ಕ ಒಂದು ದಿನ ಕೂತಿಲ್ಲ. ಅಲ್ಲಿ ಟಿಕೆಟ್ ತಗೊಂಡವರು ಕೂರ್ತಾರೆ. ನಾವು ನಿಂತ್ಕೊಂಡು ಅವರ ಕೈ ನೋಡ್ತಿದ್ವಿ. ಈ ಮನೇಲೂ ಅಷ್ಟೇ, ಬೆಳಿಗ್ಗೆ ಕತ್ತಲಿರುವಾಗ ಹೋದ್ರೆ ಬರೋದು ಕತ್ತಲಾದ ಮೇಲೆ. ಮನೆ ಪಕ್ಕದಲ್ಲಿ ಬಾದಾಮಿ ಮರ ಇದೆ ಅಂತ ನನಗೆ ಗೊತ್ತಾಗಿದ್ದೇ ಈ ತಿಂಗಳು.”

ಇಸ್ತ್ರಿಪೆಟ್ಟಿಗೆ ಇಟ್ಟಿದ್ದ ಕಡೆ ಯಾರದೋ ಅಂಗಿ ಕರಕಲಾದ ವಾಸನೆ ಬಂತು. ಮುನಿರತ್ನಮ್ಮ ಓಡಿಹೋಗಿ ಅದನ್ನು ಎತ್ತಿಟ್ಟು, ತಿರುಗಿ ಬಂದು, ಬೇರೆ ದನಿಯಲ್ಲಿ ಕೇಳಿದಳು.

“ತೊಂಬತ್ತೇಳರಲ್ಲಿ ಯಾವುದು ಬೇಕು ನಿಮಗೆ?”

“ಅಂದ್ರೆ?”

“ಯಾವುದ್ರಲ್ಲಿ ಕೂತ್ರೆ ಚೆನ್ನಾಗಿರ್ತದೆ? ಒಂದು ಹೇಳಿ. ತೊಂಬತ್ತೇಳು ಕಡೆ ಒಟ್ಟಿಗೆ ಕೂರೋಕೆ ನಿಮಗೂ ಆಗಲ್ಲ.”

ಚನ್ನವೀರಯ್ಯ ಮೊದಲ ಸಲ ಗಲಿಬಿಲಿಗೊಂಡರು. ನಾನು ಆ ಅವಕಾಶ ಬಿಡಲಿಲ್ಲ. ಕಾಗದ ತೆಗೆದೆ. ಮೂವರೂ ಮನೆಯೆಲ್ಲ ಸುತ್ತಿದೆವು. ಅಂಥ ಚೌಕಾಸಿ ನಾನು ಸಂತೆಯಲ್ಲೂ ಕಂಡಿರಲಿಲ್ಲ. ಬಚ್ಚಲಿನ ಹನ್ನೊಂದನ್ನೂ ಮುನಿರತ್ನಮ್ಮ ಒಂದೇ ಮಾತಿಗೆ ಹೊಡೆದುಹಾಕಿಸಿದಳು. ನಾನೂ ಬೆಂಬಲಿಸಿದೆ. ಒಲೆಯ ಹಿಂದಿನದು ಹೋಗಲಿ, ಆದರೆ ಅದರ ಮೇಲಿನದು ಹೊಗೆ ಹೋಗಲು ಇರಲಿ ಎಂದಳು. ಛಾವಣಿಯ ಆರರಲ್ಲಿ ಇಸ್ತ್ರಿ ಮೇಜಿನ ಮೇಲೆ ಬೀಳುವ ಬೆಳಕಿನದೊಂದು ಉಳಿಯಿತು. ಹಜಾರಕ್ಕೂ ಕೋಣೆಗೂ ನಡುವಿನ ಒಂದು ಕಿಟಕಿಯನ್ನು ಯಲ್ಲಪ್ಪ ಕೇಳಿದ. ಅವನು ಬಾಯಿ ತೆರೆದದ್ದೇ ಅಪರೂಪವಾದ್ದರಿಂದ ಯಾರೂ ಕಾರಣ ಕೇಳಲಿಲ್ಲ. ಚನ್ನವೀರಯ್ಯ ಹಿಂದೆ ಮುಂದೆ ನಾಲ್ಕು ಸಲ ನಡೆದು, ಪ್ರತಿ ಕಿಟಕಿಯಲ್ಲೂ ಒಂದೊಂದು ನಿಮಿಷ ಕೂತು, ಕೊನೆಗೆ ಪಶ್ಚಿಮ ಗೋಡೆಯ ಅರವತ್ತೆರಡನೆಯ ನಂಬರಿನ ಮೇಲೆ ಕೈಯಿಟ್ಟರು. ಅದರಿಂದ ಬಾದಾಮಿ ಮರ ಕಾಣುತ್ತಿತ್ತು, ಮರದಾಚೆ ಬಸ್ಸುಗಳು ತಿರುಗುವ ಮೂಲೆಯೂ ಕಾಣುತ್ತಿತ್ತು.

“ಯಾವಾಗ ಬರ್ತೀರಿ?” ಎಂದಳು ಮುನಿರತ್ನಮ್ಮ.

“ದಿನಾ.”

“ಆಗಲ್ಲ. ವಾರಕ್ಕೊಂದು ಸಲ.”

“ಮೂರು ಸಲ.”

“ಸೋಮವಾರ ಒಂದಿನ, ಗುರುವಾರ ಒಂದಿನ. ಅದಕ್ಕಿಂತ ಮೇಲೆ ಕೇಳಿದ್ರೆ ನೂರು ಕಿಟಕಿಗೂ ಪರದೆ ಹೊಲಿಸ್ತೀನಿ, ನೀವು ಬಟ್ಟೆ ನೋಡ್ತಾ ಕೂತ್ಕಳಿ.”

ಒಪ್ಪಿದರು. ಹಳೆಯ ಮೂರು, ಹೊಸ ನಾಲ್ಕು, ಒಟ್ಟು ಏಳು.

ಮೂವತ್ತನೆಯ ದಿನ ಕಚೇರಿ ತೆರೆಯುವ ಮೊದಲೇ ನಾವು ಬಾಗಿಲಲ್ಲಿದ್ದೆವು. ಈ ಸಲ ನಾನು ಪತ್ರವನ್ನು ಮೊದಲ ಅಕ್ಷರದಿಂದ ಓದಿದೆ. ‘ಪತ್ರಬರಹಗಾರ ಗೋವರ್ಧನನ ಕೈತಪ್ಪಿನಿಂದಲೂ, ಆತನು ಪತ್ರವನ್ನು ಓದಿ ಹೇಳದೇ ಇದ್ದುದರಿಂದಲೂ’ ಎಂಬಲ್ಲಿ ನಿಲ್ಲಿಸಿ, ನೀರು ಕುಡಿದು ಮುಂದುವರಿಸಿದೆ. ಏಳು ಎಂಬುದನ್ನು ಅಂಕಿಯಲ್ಲಿ ಒಮ್ಮೆ, ಅಕ್ಷರದಲ್ಲಿ ಒಮ್ಮೆ ಬರೆದಿದ್ದೆ. ಪ್ರತಿ ಕಿಟಕಿಗೂ ಎರಡು ಬಾಗಿಲು, ಒಳಗಿನಿಂದ ಚಿಲಕ ಎಂದು ಬರೆದಿದ್ದೆ. ಮಾರಿದವರು ಪಶ್ಚಿಮದ ಕಿಟಕಿಯಲ್ಲಿ ಸೋಮವಾರ ಮತ್ತು ಗುರುವಾರ ಹತ್ತರಿಂದ ಹನ್ನೊಂದರವರೆಗೆ ಕೂರಬಹುದು ಎಂಬಲ್ಲಿಗೆ ಬಂದಾಗ ಫಿಲೋಮಿನಾ ಮೇಡಂ ಕೈಯೆತ್ತಿದರು.

“ಬೆಳಿಗ್ಗೆ ಹತ್ತೋ, ರಾತ್ರಿ ಹತ್ತೋ?”

ಮುನಿರತ್ನಮ್ಮ ಹೌಹಾರಿದಳು. ಬೆಳಿಗ್ಗೆ ಎಂದು ಸೇರಿಸಿದೆ.

“ಇವರು ಹೋದ ಮೇಲೆ ಇವರ ಮಗ ಬಂದು ಕೂತರೆ?”

“ಇವ್ರು ಮಾತ್ರ ಅಂತ ಬರೀರಿ ಸ್ವಾಮಿ,” ಎಂದಳು ಮುನಿರತ್ನಮ್ಮ. ವಾರಸುದಾರರಿಗೆ ಈ ಹಕ್ಕು ಇಲ್ಲ ಎಂದು ಸೇರಿಸಿದೆ. ನಾಳೆ ಮುನಿರತ್ನಮ್ಮ ಮನೆ ಮಾರಿದರೆ ಕೊಂಡವರೂ ಇದನ್ನು ನಡೆಸಬೇಕೇ ಎಂದರು ಮೇಡಂ. “ನಾನು ಮಾರಲ್ಲ,” ಎಂದಳು ಆಕೆ. “ಎಲ್ಲರೂ ಹಾಗೇ ಅಂತಾರೆ,” ಎಂದರು ಮೇಡಂ. ಅದಕ್ಕೂ ಒಂದು ಸಾಲು ಬಿತ್ತು.

ಚನ್ನವೀರಯ್ಯ ಮೆಲ್ಲಗೆ ಕೆಮ್ಮಿದರು. “ಒಂದು ಲೋಟ ಚಹಾ ಅಂತಾನೂ ಸೇರಿಸಿದ್ರೆ...”

“ಅದು ಬರೀಬೇಡಿ,” ಎಂದಳು ಮುನಿರತ್ನಮ್ಮ ತಟ್ಟನೆ. “ಬರೆದ್ರೆ ನಾನು ಇಲ್ದಿದ್ರೂ ಚಹಾ ತಾನೇ ಬಂದು ನಿಂತ್ಕಳ್ತದೆ. ಪತ್ರ ಕಾಯ್ಸಿದ ಚಹಾ ಯಾರು ಕುಡೀತಾರೆ? ನಂಗೆ ಕೊಡ್ಬೇಕು ಅನ್ನಿಸ್ದಾಗ ಕೊಡ್ತೀನಿ.”

ಇಬ್ಬರೂ ಪತ್ರವನ್ನು ತೆಗೆದುಕೊಂಡು ತಾವೇ ಓದಿದರು. ಚನ್ನವೀರಯ್ಯ ಬೆಳಕಿಗೆ ಹಿಡಿಯುವುದನ್ನೂ ಬಿಡಲಿಲ್ಲ, ಆದರೆ ಈ ಸಲ ಓದಿದ ಮೇಲೆ ಹಿಡಿದರು. ಸಹಿಯಾಯಿತು. ಮೊಹರು ಬಿತ್ತು. ನಾವು ಬಳೆಗಾರರ ಬೀದಿಗೆ ಬರುವಷ್ಟರಲ್ಲಿ ಮುಂದಿನ ಗೋಡೆ ನುಣ್ಣಗಾಗಿತ್ತು. ಎದುರು ಮನೆಯವರು ಬಾಗಿಲಲ್ಲಿ ಕುಳಿತು ನೆಮ್ಮದಿಯಾಗಿ ಅವರೆಕಾಯಿ ಸುಲಿಯುತ್ತಿದ್ದರು. ಮುನಿರತ್ನಮ್ಮ ನೇರವಾಗಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗೆ ಕತ್ತಲು ಎಷ್ಟು ಚೆನ್ನಾಗಿದೆ ಎಂದು ಕೂಗಿ ಹೇಳಿದಳು.

ಆ ವಾರದ ಗುರುವಾರ ನಾನು ಖಾತೆ ಬದಲಾವಣೆಯ ಅರ್ಜಿಗೆ ಸಹಿ ಹಾಕಿಸಲು ಹೋದೆ. ಚನ್ನವೀರಯ್ಯ ತಮ್ಮ ಕಿಟಕಿಯಲ್ಲಿದ್ದರು. ಮುನಿರತ್ನಮ್ಮ ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದು ಕೈಯಲ್ಲಿ ಮೊಳೆ ಹಿಡಿದು ಹಜಾರದ ಗೋಡೆಯ ಮುಂದೆ ನಿಂತಿದ್ದಳು. ಪಕ್ಕದಲ್ಲಿ ಯಲ್ಲಪ್ಪ ಒಂದು ಗೋಡೆ ಗಡಿಯಾರವನ್ನು ಮಗುವಿನಂತೆ ಎತ್ತಿಕೊಂಡಿದ್ದ. ಮದುವೆಯಲ್ಲಿ ಬಂದ ಉಡುಗೊರೆಯಂತೆ ಅದು. ಯಾವ ಬಾಡಿಗೆ ಮನೆಯಲ್ಲೂ ಮೊಳೆ ಹೊಡೆಯಲು ಬಿಟ್ಟಿರಲಿಲ್ಲವಾದ್ದರಿಂದ ಇಪ್ಪತ್ತೆರಡು ವರ್ಷ ಟ್ರಂಕಿನ ಮೇಲೆ ಗೋಡೆಗೆ ಒರಗಿಕೊಂಡೇ ಓಡಿತ್ತು.

“ಸ್ವಾಮೀ,” ಎಂದಳು ಆಕೆ ನನ್ನನ್ನು ನೋಡಿ, “ಮೊಳೆ ಹೊಡೀಬಹುದು ಅಂತ ಪತ್ರದಲ್ಲಿ ಬರೆದಿದೀರಾ?”

“ಇಲ್ಲ.”

ಆಕೆಯ ಕೈ ಕೆಳಗಿಳಿಯಿತು.

“ಅದನ್ನ ಬರೆಯೋದು ಬೇಕಿಲ್ಲಮ್ಮ. ನಿಮ್ಮ ಮನೆ ಅಲ್ವಾ? ಹೊಡೀರಿ,” ಅಂದೆ.

ಆಕೆ ಗಂಡನ ಮುಖ ನೋಡಿದಳು, ಗೋಡೆಯನ್ನು ನೋಡಿದಳು. ಮೊಳೆ ಇಟ್ಟು ಸುತ್ತಿಗೆ ಎತ್ತಿದಳು.

“ಏ, ತಡಿ ತಡಿ!” ಎಂದು ಚನ್ನವೀರಯ್ಯ ಕುರ್ಚಿಯಿಂದ ಎದ್ದು ಬಂದರು. “ಅಲ್ಲಿ ಹೊಡೀಬೇಡಮ್ಮ, ಒಳಗೆ ಕರೆಂಟು ವೈರ್ ಇದೆ.”

“ಅಯ್ಯೋ! ಮಾರೋವಾಗ ಹೇಳೋದಲ್ವಾ?”

“ನೀನು ಅಷ್ಟೊಂದು ಕೇಳಿದೆ, ಇದನ್ನ ಕೇಳಲಿಲ್ಲ. ಒಂದು ಗೇಣು ಈಚೆಗೆ ಹೊಡಿ. ಹಾಂ, ಅಲ್ಲಿ.”

ಮೊಳೆ ನೆಟ್ಟಗೆ ಇಳಿಯಿತು. ಗಡಿಯಾರ ಗೋಡೆಗೇರಿತು. ಮೂವರೂ ಸ್ವಲ್ಪ ಹೊತ್ತು ಅದನ್ನು ನೋಡುತ್ತ ನಿಂತರು, ಗಂಟೆ ಹತ್ತೂ ಇಪ್ಪತ್ತು. ಆಮೇಲೆ ಮುನಿರತ್ನಮ್ಮ, “ಇನ್ನೇನೇನು ಹೇಳಿಲ್ಲ ನೀವು?” ಎಂದು ಕೇಳಿದಳು. ಚನ್ನವೀರಯ್ಯ ಕಿಟಕಿಯನ್ನು ಒಮ್ಮೆ ನೋಡಿ, ಅದನ್ನು ಬಿಟ್ಟು ಆಕೆಯ ಜೊತೆ ಒಳಗೆ ನಡೆದರು. ಅಡುಗೆಮನೆಯ ನಲ್ಲಿಯನ್ನು ಎಡಕ್ಕೆ ಪೂರ್ತಿ ತಿರುಗಿಸಿ ಒಂದು ಕೂದಲೆಳೆ ಬಲಕ್ಕೆ ತಂದರೆ ತೊಟ್ಟಿಕ್ಕುವುದಿಲ್ಲ. ಮಳೆಗಾಲದಲ್ಲಿ ಹಿಂಬಾಗಿಲನ್ನು ಸ್ವಲ್ಪ ಎತ್ತಿ ಹಾಕಿದರೆ ಮಾತ್ರ ಚಿಲಕ ಬೀಳುತ್ತದೆ. ಕೋಣೆಯ ಮೂರನೆಯ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ನಿಂತರೆ ಬೇಸಿಗೆಯಲ್ಲೂ ತಂಪು, ಕೆಳಗೆ ಹಳೆಯ ನೀರಿನ ತೊಟ್ಟಿ ಇದೆ. ಮುನಿರತ್ನಮ್ಮ ಚಪ್ಪಲಿ ಬಿಟ್ಟು ಆ ಕಲ್ಲಿನ ಮೇಲೆ ನಿಂತು ನೋಡಿದಳು. ಮೂವತ್ತು ವರ್ಷದ ಇಂಥ ಸಂಗತಿಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು. ನಾನು ಬಾಗಿಲಲ್ಲಿ ನಿಂತು ಕೇಳಿ ಕೇಳಿ ಕೊನೆಗೆ ತಡೆಯಲಾರದೆ ಜೇಬಿನಿಂದ ಪೆನ್ನು ತೆಗೆದು, “ಇದನ್ನೆಲ್ಲ ಬರೆದುಕೊಳ್ಳಲಾ?” ಎಂದು ಕೇಳಿದೆ.

ಇಬ್ಬರೂ ಒಟ್ಟಿಗೆ ತಿರುಗಿ, “ಬೇಡ!” ಅಂದರು.